ಇಬ್ಬರಿಗೂ ಒಂದೇ ಕಾಗದ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ,

ಇಬ್ಬರಿಗೂ ಒಟ್ಟಿಗೇ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನನ್ನ ಹೊಟ್ಟೆನೋವೂ ಈಗೀಗ ಅಪರೂಪದ ನೆಂಟರ ಹಾಗೆ ಬಂದು ಹೋಗುತ್ತದೆ, ಅಷ್ಟೆ.

ಅಮ್ಮ, ಕಾಗದ ನಿನ್ನ ಕೈಗೇ ಸಿಗುತ್ತದೆಂದು ಗೊತ್ತು. ಅಪ್ಪನ ಎರಡು ಕಣ್ಣಿಗೂ ಪೊರೆ ಬಂದು ಅಕ್ಷರ ಕಾಣುವುದಿಲ್ಲ. ಆದ್ದರಿಂದ ಕನ್ನಡಕ ಹಾಕಿಕೊಂಡು ಹೊಲಿಗೆ ಕೋಣೆಗೆ ಹೋಗಿ, ಅಪ್ಪನ ಎದುರಿಗೆ ಕೂತು ಇದನ್ನು ಜೋರಾಗಿ ಓದು. ನಡುವೆ ಯಾವ ಸಾಲನ್ನೂ ನುಂಗಬೇಡ. ಅಪ್ಪ, ಕಣ್ಣು ಕಾಣದಿದ್ದರೂ ಅಭ್ಯಾಸಬಲಕ್ಕೆ ಮಿಷನ್ ತುಳಿಯುತ್ತಿರುತ್ತೀರಿ, ಸ್ವಲ್ಪ ಹೊತ್ತು ನಿಲ್ಲಿಸಿ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ನಮ್ಮ ಮನೆಯಲ್ಲಿ ಫೋನು ನಿಮ್ಮಲ್ಲೊಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೂ ಒಂದು ಮಾತು ಹುಟ್ಟುವುದಿಲ್ಲ.

ಹೋದ ವಾರ ಆಸ್ಪತ್ರೆಯವರು ನನಗೆ ಫೋನ್ ಮಾಡಿ, ಆಪರೇಷನ್ನಿಗೆ ಯಾರೂ ಬಂದೇ ಇಲ್ಲ ಎಂದರು. ಹಿಂದಿನ ದಿನ, ಅಪ್ಪ, ನೀವು ನನಗೆ ಫೋನ್ ಮಾಡಿ, "ಜೊತೆಗೊಬ್ರು ಇರ್ಬೇಕಂತೆ, ನಿಮ್ಮಮ್ಮ ಬರ್ತಾಳೇನೋ ಕೇಳು" ಎಂದಿದ್ದಿರಿ. ಸ್ವಲ್ಪ ಹೊತ್ತಿಗೆ, ಅಮ್ಮ, ನೀನು ಹಿತ್ತಿಲಿನಿಂದ ಫೋನ್ ಮಾಡಿ, "ಅವರು ಕರೆದ್ರೆ ಹೋಗ್ತೀನಿ, ಹಾಗಂತ ಹೇಳು" ಎಂದು ಪಿಸುಗುಟ್ಟಿದೆ. ನಾನು ಯಾರಿಗೂ ಏನೂ ಹೇಳಲಿಲ್ಲ. ಮರೆತದ್ದಲ್ಲ. ಹೊಟ್ಟೆ ಹಿಡಿದುಕೊಂಡು ಫೋನಿನ ಮುಂದೆಯೇ ಕೂತಿದ್ದೆ. ನಿಮ್ಮಲ್ಲಿ ಒಬ್ಬರಾದರೂ ಬಾಯಿಬಿಡುತ್ತೀರಿ ಎಂದುಕೊಂಡಿದ್ದೆ. ಬಿಡಲಿಲ್ಲ. ಈಗ ಬರುವ ಶುಕ್ರವಾರಕ್ಕೆ ದಿನ ಕೊಟ್ಟಿದ್ದಾರೆ. ಅದೂ ತಪ್ಪಿದರೆ ಪೊರೆ ಗಟ್ಟಿಯಾಗಿ ಕೆಲಸ ಕಷ್ಟವಾಗುತ್ತದಂತೆ.

ಯಾಕೆ ಹೇಳಲಿಲ್ಲವೆಂದು ತಿಳಿಸುವುದಕ್ಕೇ ಈ ಕಾಗದ. ಹೊಟ್ಟೆನೋವಿಗೆ ಎಲ್ಲ ಪರೀಕ್ಷೆ ಮಾಡಿದ ಡಾಕ್ಟರು, ಹೊಟ್ಟೆಯಲ್ಲಿ ಏನೂ ಇಲ್ಲ, ಒಮ್ಮೆ ಇವರನ್ನು ನೋಡಿ ಎಂದು ಒಬ್ಬ ಕೌನ್ಸೆಲರ್ ವಿಳಾಸ ಕೊಟ್ಟರು. ಅಮ್ಮ, ಗಾಬರಿಯಾಗಬೇಡ, ನನ್ನ ತಲೆ ನೆಟ್ಟಗೇ ಇದೆ. ಔಷಧಿ ಅಂಗಡಿಯ ಮೇಲೊಂದು ಪುಟ್ಟ ಕೋಣೆ, ಎರಡು ಕುರ್ಚಿ, ಕಿರುಗುಟ್ಟುವ ಫ್ಯಾನು. ಆಕೆ ನನಗಿಂತ ಚಿಕ್ಕವರು. ಮೊದಲ ದಿನ, ನಿಮಗೇನನ್ನಿಸುತ್ತೆ ಎಂದು ಕೇಳಿದರು. ನಾನು ನನ್ನ ಗಂಡನಿಗೆ ಏನನ್ನಿಸುತ್ತದೆ, ಅಂಗಡಿ ಮಾಲೀಕರಿಗೆ ಏನನ್ನಿಸುತ್ತದೆ, ನಿಮ್ಮಿಬ್ಬರಿಗೆ ಏನನ್ನಿಸುತ್ತದೆ ಎಂದು ಹೊತ್ತು ಹೋದದ್ದೇ ತಿಳಿಯದಂತೆ ಹೇಳಿದೆ. ಕೊನೆಗೆ ಆಕೆ, "ಎಲ್ರೂ ಬಂದು ಹೋದ್ರು, ನೀವೊಬ್ರು ಬರ್ಲೇ ಇಲ್ವಲ್ಲ" ಎಂದರು. ನಗು ಬಂತು. ಮೆಟ್ಟಿಲು ಇಳಿಯುವಾಗ ಅಳು ಬಂತು.

ಆಮೇಲೆ ನಮ್ಮ ಮಾತು ನಿಮ್ಮ ಮನೆಯ ನಡುಮನೆಗೆ ಬಂದು ಮುಟ್ಟಿತು. ಮುಂದೆ ಅಪ್ಪನ ಹೊಲಿಗೆ ಕೋಣೆ, ಹಿಂದೆ ಅಮ್ಮನ ಅಡುಗೆಮನೆ, ನಡುವೆ ಓಡಾಡುವ ನಾನು. ಪಕ್ಕದ ಮನೆಯ ದೊಡ್ಡಮ್ಮ ನನ್ನನ್ನು ಟಪಾಲು ಎಂದೇ ಕರೆಯುತ್ತಿದ್ದರು, ನನಗೋ ಅದೊಂದು ಹೆಮ್ಮೆ. ನೀವು ಜಗಳವಾಡಿದ್ದನ್ನು ನಾನು ನೋಡಿಲ್ಲ. ಮಾತೇ ಇಲ್ಲದ ಮೇಲೆ ಜಗಳವೆಲ್ಲಿಯದು? ಮಿಷನ್ ಸದ್ದಿಗೆ ತಲೆ ಸಿಡೀತಿದೆ ಅಂತ ಹೇಳು ಎಂದು ಅಮ್ಮ ಕಳಿಸಿದರೆ, ಟೀ ಬೇಕಾ ಅಂತ ಕೇಳಿದ್ಲು ಎಂದು ನಾನು ಹೇಳುತ್ತಿದ್ದೆ. ಒಮ್ಮೆ ಅಪ್ಪ ಅಡುಗೆಗೆ ಉಪ್ಪು ಜಾಸ್ತಿಯಾಯಿತೆಂದು ಹೇಳಿ ಕಳಿಸಿದಾಗ, ಅಪ್ಪ ಇನ್ನೊಂದು ಸೌಟು ಕೇಳಿದ್ರು ಎಂದುಬಿಟ್ಟೆ. ಅಮ್ಮ ಖುಷಿಯಿಂದ ಬಡಿಸಿದಳು. ಪಾಪ, ಅಪ್ಪ, ನೀವು ತುಟಿಪಿಟಕ್ಕೆನ್ನದೆ ಅದನ್ನೂ ಉಂಡಿರಿ.

ಕೌನ್ಸೆಲರ್ ಹೇಳಿದ್ದು ಇಷ್ಟು: ತಾನು ಮಾತು ತಿದ್ದುವುದರಿಂದಲೇ ಮನೆ ನಿಂತಿದೆ ಎಂದು ಆ ಮಗು ನಂಬಿತ್ತು. ಮಗು ಬೆಳೆಯಿತು, ಆದರೆ ಕೆಲಸ ಮುಗಿಯಿತೆಂದು ಅದಕ್ಕೆ ಯಾರೂ ಹೇಳಲಿಲ್ಲ. ನೋಡಿ, ನಾನು ಹುಡುಕಿಕೊಂಡ ನೌಕರಿಯೂ ಅದೇ. ಕಪಾಟು ಮಾಡುವ ಅಂಗಡಿಯಲ್ಲಿ ಗಿರಾಕಿಗೂ ಬಡಗಿಗೂ ನಡುವೆ ನಾನು. ಬಾಗಿಲು ಸಿಕ್ಕಿಕೊಳ್ಳುತ್ತೆ, ಯಾವನು ಮಾಡಿದ್ದು ಎಂದು ಗಿರಾಕಿ ಕೂಗಾಡಿದರೆ, ತುಂಬಾ ಚೆನ್ನಾಗಿದೆ ಅಂದ್ರು, ಸ್ವಲ್ಪ ಬಿಗಿಯಂತೆ ಎಂದು ಬಡಗಿಗೆ ಹೇಳುತ್ತಿದ್ದೆ. ಅವರು ಸ್ವಲ್ಪವೇ ಉಜ್ಜಿ ಕೊಡುತ್ತಿದ್ದರು. ಕಪಾಟು ಮತ್ತೆ ವಾಪಸ್ ಬರುತ್ತಿತ್ತು. ನನ್ನ ಮನೆಯಲ್ಲೂ ಅಷ್ಟೆ. "ನಿಂಗೇನು ಬೇಕು ಅಂತ ಕೇಳಿದ್ರೆ ನಂಗೇನು ಬೇಕು ಅಂತ ಹೇಳ್ತೀಯಲ್ಲ" ಎಂದು ನನ್ನ ಗಂಡ ಬೇಸತ್ತುಹೋಗಿದ್ದರು.

ನಿಮ್ಮಿಬ್ಬರ ಮೇಲೆ ಸಿಟ್ಟು ಬಂದಿತ್ತು. ಬಹಳ ದಿನ ಇತ್ತು. ಕೌನ್ಸೆಲರ್ ಅದನ್ನು ತಣಿಸಲು ಹೋಗಲಿಲ್ಲ, ಬಿಟ್ಟರು. ತಾನಾಗಿಯೇ ಇಳಿದ ಮೇಲೆ ನನಗೊಂದು ಕುತೂಹಲ ಹುಟ್ಟಿತು. ನೀವು ಚಿಕ್ಕವರಿದ್ದಾಗ ನಿಮ್ಮ ನಿಮ್ಮ ಮನೆಗಳಲ್ಲಿ ಯಾರು ಯಾರೊಡನೆ ಮಾತಾಡುತ್ತಿದ್ದರು? ನಾನು ಕೇಳಿಯೇ ಇಲ್ಲ. ನಾನು ಬಂದಾಗ ಹೇಳಿ.

ಮೊನ್ನೆ ಬಡಗಿಗೆ, ಗಿರಾಕಿ ಬೈಯುತ್ತಿದ್ದಾರೆ, ಬಾಗಿಲು ಸರಿಯಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಗೊಣಗಿದರು, ಉಜ್ಜುಗೊರಡು ತೆಗೆದುಕೊಂಡರು, ಮಧ್ಯಾಹ್ನದೊಳಗೆ ಸರಿಮಾಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಗಂಡ ನೋಡಿಬಂದ ಬಾಡಿಗೆ ಮನೆ ನನಗೆ ಹಿಡಿಸಲಿಲ್ಲ ಎಂದೂ ಹೇಳಿದೆ, ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಅವರಿಗೆ ಬೇಸರವಾಗುತ್ತದೆಂದು ಹೆದರಿದ್ದೆ. ಅವರು ನಕ್ಕುಬಿಟ್ಟರು.

ಹಾಗಾಗಿ ಶುಕ್ರವಾರ ನಾನು ರಜೆ ಹಾಕಿ ಬರುವುದಿಲ್ಲ. ಅದಾದ ಭಾನುವಾರ ಬರುತ್ತೇನೆ, ಮಗಳಾಗಿ ಬಂದು ಕೂತು ಉಂಡು ಹೋಗುತ್ತೇನೆ. ಅಪ್ಪ, ಅಮ್ಮನನ್ನು ನೀವೇ ಕರೆಯಿರಿ. ಅಮ್ಮ, ಅವರು ಕರೆಯುವ ತನಕ ಕಾಯಬೇಡ, ಬರಲಾ ಎಂದು ನೀನೇ ಕೇಳು. ಆಪರೇಷನ್ ಆದಮೇಲೆ ದಿನಾ ಕಣ್ಣಿಗೆ ಹನಿ ಹಾಕಬೇಕಂತೆ, ಮಾತಾಡದೆ ಅದೂ ಆಗುವ ಕೆಲಸವಲ್ಲ. ನನಗೆ ಭಯವಿದೆ, ಮುಚ್ಚಿಡುವುದಿಲ್ಲ. ನೀವಿಬ್ಬರೂ ಸುಮ್ಮನಿದ್ದು ಅಪ್ಪನ ಕಣ್ಣಿಗೇನಾದರೂ ಆದರೆ ನಾನೇ ಕಾರಣ ಎನ್ನಿಸುತ್ತದೆ. ಎನ್ನಿಸಿದರೂ ಮಾತು ಹೊರುವುದಿಲ್ಲ. ನಿಮ್ಮಿಬ್ಬರನ್ನೂ ಬಹಳ ಪ್ರೀತಿಸುತ್ತೇನೆ. ಇದು ಮಾತ್ರ ಯಾರೂ ಹೇಳಿ ಕಳಿಸಿದ ಮಾತಲ್ಲ.

ನಿಮ್ಮಿಬ್ಬರ,
ಮಗಳು

ತಾ.ಕ.: ಅಮ್ಮ, ಇದನ್ನೂ ಜೋರಾಗಿಯೇ ಓದು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ನೀನು ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ, "ನಾನು ಹೋಗ್ತಿದ್ದೀನಿ ಅಂತ ನಿಮ್ಮಪ್ಪಂಗೆ ಹೇಳಿ ಬಾ" ಎಂದೆ. ನಾನು ಓಡಿ ಬಂದು, "ಹೋಗ್ಬೇಡ, ನೀನಿಲ್ದೆ ಆಗಲ್ಲ ಅಂದ್ರು ಅಪ್ಪ" ಎಂದೆ. ನೀನು ಗೋಡೆಯ ಕಡೆ ತಿರುಗಿಕೊಂಡೇ ಚೀಲ ಬಿಚ್ಚಿದೆ. ಅಮ್ಮ, ಆ ದಿನ ನಾನು ಹೊಲಿಗೆ ಕೋಣೆಯವರೆಗೆ ಹೋಗಿಯೇ ಇರಲಿಲ್ಲ. ನೀನು ಹೊರಟಿದ್ದು ಅಪ್ಪನಿಗೆ ತಿಳಿಯುತ್ತಿರುವುದು ಈಗಲೇ. ಅಪ್ಪ, ಆ ಮಾತು ನಿಮ್ಮದೇ ಎಂದು ನಂಬಿ ಅಮ್ಮ ಇಷ್ಟು ವರ್ಷ ಉಳಿದಿದ್ದಾಳೆ. ಅದು ನಿಜವಾಗಿದ್ದರೆ ಒಮ್ಮೆ ನಿಮ್ಮ ಬಾಯಿಂದ ಹೇಳಿ.