ತಿಬುರ್ಸಿಯೊ ಮೊದಲು ಬ್ಯಾಟು ಹಿಡಿದದ್ದು

ಸಾನ್ ಪೆದ್ರೊ
ಡಿಸೆಂಬರ್ 10

ಸಾನ್ ಪೆದ್ರೊ ಪಟ್ಟಣದ ಮಹಾಜನರೇ, ಸಕ್ಕರೆ ಗಿರಣಿಯ ಕಾರ್ಮಿಕ ಬಂಧುಗಳೇ, ಕಣ್ಣಿರುವ ಮತ್ತು ಕಣ್ಣಿಲ್ಲದ ಅಂಪೈರುಗಳೇ, ಹಾಗೂ ಎರಡು ತಿಂಗಳಿಂದ ಬಾನಿ ಊರಿನಲ್ಲಿ ತನ್ನ ಅಕ್ಕನ ಮನೆ ಸೇರಿರುವ ಪ್ರಿಯ ಪತ್ನಿ ನೆರೈದಾ,

ನಗಬೇಡ. ಭಾನುವಾರ ನಮ್ಮ ಬೇಸ್‌ಬಾಲ್ ಫೈನಲ್. ಅದಕ್ಕೂ ಮೊದಲು ತಂಡದ ಮ್ಯಾನೇಜರನಾದ ನನಗೆ ಸನ್ಮಾನ. ಭಾಷಣ ಅಭ್ಯಾಸ ಮಾಡಲು ಮನೆಯಲ್ಲಿ ಕೇಳುವವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ವಾಪಸು ಕರೆಯುವುದಕ್ಕೆ ಬರೆದ ಪತ್ರ ಎಂದುಕೊಳ್ಳಬೇಡ.

ನೀನು ಹೊರಟಾಗ ಗಿರಣಿ ತಂಡ ಹನ್ನೊಂದು ಪಂದ್ಯ ಸೋತಿತ್ತು. ಆಮೇಲೆ ಇನ್ನೆರಡು. ಸೋಲಿನ ಹಿಂದೆ ಸೋಲು, ಬೀದಿ ತುಂಬ ನಮ್ಮ ಗೋಳು. ಕ್ಷೌರಿಕ ತೂಲಿಯೊ ನನ್ನ ಗಂಟಲ ಮೇಲೆ ಕತ್ತಿಯಿಟ್ಟುಕೊಂಡೇ, "ಮ್ಯಾನೇಜರ್ ಸಾಹೇಬ್ರೇ, ನಿಮ್ ಹುಡುಗ್ರು ಬ್ಯಾಟ್ ಯಾಕೆ ತರ್ತಾರೆ? ಬೀಸಣಿಗೆ ತರ್ಲಿ, ನೋಡೋರಿಗಾದ್ರೂ ತಂಪಾಗುತ್ತೆ" ಎಂದ.

ಹದಿನಾಲ್ಕನೆಯ ಪಂದ್ಯದ ದಿನ ನಾನು ಬ್ಯಾಟಿಂಗ್ ಸರದಿಯನ್ನೇ ಬುಡಮೇಲು ಮಾಡಿದೆ. ಯಾರು ಮೊದಲು, ಯಾರು ಕೊನೆ ಎಂಬ ಚೀಟಿ ಅಂಪೈರನ ಕೈ ಸೇರಿದರೆ ಮುಗಿಯಿತು, ಪೋಪ್ ಬಂದು ಕೇಳಿದರೂ ಸರದಿ ಬದಲಾಗದು. ಅಂಪೈರ್ ಫೆರ್ಮಿನ್ ಓದಿ ಕಣ್ಣುಜ್ಜಿಕೊಂಡ. "ಬಿಸಿಲು ತಲೆಗೇರಿದ್ಯೇನಯ್ಯಾ ಎಲಿಹಿಯೊ? ತಿಬುರ್ಸಿಯೊ ಮೊದಲಾ? ಅವನು ಓಡಿ ಬೇಸ್ ಮುಟ್ಟೋದ್ರೊಳಗೆ ಕಬ್ಬು ಕಟಾವಿಗೆ ಬರುತ್ತೆ!" ನಾನು ಮುಗುಳ್ನಕ್ಕೆ, ಅಷ್ಟೆ. ಯಾವಾಗಲೂ ಮೊದಲು ಆಡುತ್ತಿದ್ದ ನನ್ನ ತಂಗಿಯ ಮಗ ವಿಲ್ಫ್ರಿ ಒಂಬತ್ತನೆಯವನಾದ. "ಮಾಮಾ, ಅಮ್ಮಂಗೆ ಏನಂತ ಹೇಳ್ಲಿ?" ಎಂದ. "ನಿಮ್ಮಮ್ಮ ಬಂದು ಬ್ಯಾಟ್ ಹಿಡೀತಾಳಾ? ಕೂತ್ಕೊಳೋ" ಎಂದೆ.

ನಮ್ಮ ಡೊಳ್ಳುಹೊಟ್ಟೆಯ ಕ್ಯಾಚರ್ ತಿಬುರ್ಸಿಯೊ ಬ್ಯಾಟು ಬೀಸಲೇ ಇಲ್ಲ. ದಾರಿ ತಪ್ಪಿ ಬಂದ ನಾಲ್ಕು ಎಸೆತಗಳನ್ನು ಹಾಗೇ ಬಿಟ್ಟ. ನಾಲ್ಕು ಬಿಟ್ಟವನಿಗೆ ಮೊದಲ ಬೇಸು ಪುಕ್ಕಟೆ. ಮದುಮಗನಂತೆ ನಿಧಾನವಾಗಿ ನಡೆದುಹೋದ. ಅವನನ್ನು ನೋಡಿ ಮಿಕ್ಕವರಿಗೂ ತಾಳ್ಮೆ ಬಂತು, ಎಸೆಯುವವನಿಗೆ ಬೆವರು ಬಂತು, ನಮಗೆ ಏಳು ರನ್ ಬಂತು. ಮೊದಲ ಆಟಗಾರನಿಗೆ ಕಾಲಿಗಿಂತ ಕಣ್ಣು ಮುಖ್ಯ ಎಂಬ ನನ್ನ ಸಿದ್ಧಾಂತವನ್ನು ಈಗ ಊರೇ ಕೊಂಡಾಡುತ್ತಿದೆ. ಅಂದಿನಿಂದ ಹತ್ತು ಪಂದ್ಯ, ಹತ್ತು ಗೆಲುವು. ತೂಲಿಯೊ ಕುರ್ಚಿ ಒರೆಸಿ ಕೂರಿಸುತ್ತಾನೆ. ಪತ್ರಿಕೆಯವರು ನನ್ನನ್ನು ಚಾಣಾಕ್ಷ ಎಂದು ಬರೆದಿದ್ದಾರೆ.

ಮನೆಯಲ್ಲಿ ಎಲ್ಲ ಕ್ಷೇಮ. ಬಾಳೆಕಾಯಿ ಬೇಯಿಸಿ ಹಿಸುಕುವುದನ್ನು ಕಲಿತಿದ್ದೇನೆ, ಕೋಳಿಗಳು ದೂರಿಲ್ಲದೆ ತಿನ್ನುತ್ತಿವೆ. ಭಾನುವಾರಕ್ಕೆ ನಮ್ಮ ಬೆಂಚಿನ ಹಿಂದೆ ಒಂದು ಜಾಗ ಹಿಡಿದಿಟ್ಟಿದ್ದೇನೆ. ಬಿಡುವಿಲ್ಲದಿದ್ದರೆ ಪರವಾಗಿಲ್ಲ.

ಇಂತಿ ನಿನ್ನ,
ಎಲಿಹಿಯೊ

ಪತ್ರದಲ್ಲಿ ಬರೆಯದೆ ಬಿಟ್ಟದ್ದು: ಪತ್ರಿಕೆಯಲ್ಲಿ ನಮ್ಮ ಸರದಿ ಅಚ್ಚಾದ ದಿನವೇ ನಿನಗೆ ಗೊತ್ತಾಗಿರುತ್ತದೆ. ಜಗಳದ ದಿನ ನೀನು ಸರದಿ ಬರೆದು ನನ್ನ ಅಂಗಿ ಜೇಬಿಗೆ ತುರುಕಿದ ಚೀಟಿಯೇ ಅದು. "ಅಡುಗೆಮನೆ ನಿಂದು, ಮೈದಾನ ನಂದು" ಎಂದು ನಾನು ಕೂಗಿದ್ದಕ್ಕೇ ಅಲ್ಲವೇ ನೀನು ಪೆಟ್ಟಿಗೆ ಎತ್ತಿದ್ದು? ಹದಿನಾಲ್ಕನೆಯ ಪಂದ್ಯದ ದಿನ ಅವಸರದಲ್ಲಿ ನನ್ನ ಚೀಟಿಯ ಬದಲು ನಿನ್ನದು ಫೆರ್ಮಿನ್ ಕೈಗೆ ಹೋಯಿತು. ನಾನು ಮುಗುಳ್ನಗಲಿಲ್ಲ ನೆರೈದಾ, ಹೆದರಿ ಹಲ್ಲು ಕಚ್ಚಿದ್ದೆ. ಆದರೆ ಕೈತಪ್ಪಿದ್ದು ಒಂದೇ ಸಲ. ಉಳಿದ ಒಂಬತ್ತು ಪಂದ್ಯಕ್ಕೂ ನಿನ್ನ ಸರದಿಯನ್ನೇ ನನ್ನ ಕೈಯಾರೆ ಬರೆದುಕೊಟ್ಟೆ. ನೀನು ಹೇಳಿದ್ದೇ ಸರಿ ಎನ್ನಲು ನಿನ್ನೆದುರು ಬಾಯಿ ಬರಲಿಲ್ಲ, ಒಂಬತ್ತು ಸಲ ಅಂಪೈರನಿಗೆ ಹೇಳಿದೆ.

ಸನ್ಮಾನವೂ ಇಲ್ಲ, ಭಾಷಣವೂ ಇಲ್ಲ, ಎಲ್ಲ ನಿನಗೆ ಬರೆಯಲು ಹೂಡಿದ ನೆಪ. ಮನೆಗೆ ಬಾ.