ಅರವತ್ತು ಜನರ ಹೆಜ್ಜೆ

ಮಾರ್ಚ್ ೧೧, ಮಂಗಳವಾರ

ಮಗಳಿಗೆ ಸುಳ್ಳು ಹೇಳಿದೆ. ಅದೂ ಎಂಥ ಪುಟಗೋಸಿ ಸುಳ್ಳು!

ಬೆಳಿಗ್ಗೆ ನದಿಯ ಹೊಸ ಕಾಲುಸೇತುವೆಯ ಮೇಲೆ ಅರವತ್ತು ಜನರನ್ನು ನಡೆಸಿ ಪರೀಕ್ಷಿಸಿದೆವು. "ನಿಮ್ಮಿಷ್ಟ ಬಂದ ಹಾಗೆ ನಡೀರಿ" ಎಂದು ಮೈಕಿನಲ್ಲಿ ಹೇಳಿದ್ದು ನಾನೇ. ಎರಡೇ ನಿಮಿಷಕ್ಕೆ ಎಲ್ಲರ ಹೆಜ್ಜೆ ತಾನಾಗಿಯೇ ಒಂದಾಯಿತು. ಹಾಗಾಗುತ್ತದೆಂದು ಗೊತ್ತಿತ್ತು, ಆದರೂ ಒಂದು ಹೆಜ್ಜೆ ಹಿಂದೆ ಸರಿದೆ.

ಹನ್ನೆರಡು ವರ್ಷದ ಹಿಂದೆ, ನನ್ನ ಮೊದಲ ಸೇತುವೆಗೆ, "ಜನ ಏನು ಸಿಪಾಯಿಗಳಾ, ಒಟ್ಟಿಗೆ ಹೆಜ್ಜೆ ಹಾಕೋಕೆ?" ಎಂದು ನಕ್ಕು ಈ ಪರೀಕ್ಷೆಯನ್ನೇ ಬಿಟ್ಟಿದ್ದೆ. ಉದ್ಘಾಟನೆಯ ದಿನ ಜನರ ಹೆಜ್ಜೆ ಒಂದಾಗಿ ಅದು ತೊಟ್ಟಿಲಿನಂತೆ ತೂಗಾಡಿತು. ನೂಕುನುಗ್ಗಲಿನಲ್ಲಿ ನೀರಿಗೆ ಬಿದ್ದ ಹೆಂಗಸಿನ ಒಂದು ಚಪ್ಪಲಿ ಹಲಗೆಯ ಮೇಲೇ ಉಳಿದಿತ್ತು. ಇವತ್ತೂ ಅಷ್ಟು ಕಾಲುಗಳ ನಡುವೆ ನನ್ನ ಕಣ್ಣು ಅದನ್ನೇ ಹುಡುಕುತ್ತಿತ್ತು.

ಈ ಸೇತುವೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಸಂಜೆ, ಸೇತುವೆ ಸುರಕ್ಷಿತವೆಂದು ಸಹಿ ಹಾಕಿದೆ.

"ಹೊಸ ಸೇತುವೆ ಮೇಲೆ ಬಂದ್ರೆ ಮನೆಗೆ ಹತ್ತೇ ನಿಮಿಷ ಅಂದಿದ್ಯಲ್ಲಪ್ಪಾ, ಒಂದು ಗಂಟೆ ಯಾಕಾಯ್ತು?" ಎಂದಳು ಮಗಳು.

ಲಾರಿಗಳು ಓಡಾಡುವ ದೂರದ ಸೇತುವೆ ಸುತ್ತಿಕೊಂಡು ಬಂದೆ ಎನ್ನಲು ಬಾಯಿ ಬರಲಿಲ್ಲ. "ಸೈಕಲ್ ಚೈನ್ ಕಳಚ್ಕೊಂಡಿತ್ತು ಕಣೇ."

ಅವಳು ನನ್ನ ಕೈಗಳನ್ನೇ ನೋಡಿದಳು. ಗ್ರೀಸಿನ ಒಂದು ಕಲೆಯೂ ಇರಲಿಲ್ಲ.