ನಾನು ಸತ್ತ ಶನಿವಾರ

ಡ್ರಮ್‌ಕೀಲ್, ಮೇಯೊ ಸೀಮೆ, ಐರ್ಲೆಂಡ್
೧೪ ಅಕ್ಟೋಬರ್ ೨೦೨೪

ಮುದ್ದು ಸೊರಖ,

ಈ ಮುದಿ ಚಿಕ್ಕಪ್ಪನ ಸಾವಿರ ಆಶೀರ್ವಾದ. ಕೆನಡಾದ ಚಳಿಯಲ್ಲಿ ನೀನು, ನಿನ್ನ ಗಂಡ, ಮಗಳು ಬೆಚ್ಚಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಏಳು ವಾರವಾದರೂ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ನನ್ನ ಹತ್ತಿರ ಗಟ್ಟಿ ಕಾರಣವಿದೆ. ನಡುವೆ ಒಂದು ದಿನ ನಾನು ಸತ್ತಿದ್ದೆ.

ನಿನ್ನಪ್ಪನ ಸಾವಿನ ದಿನದ ಕಥೆಯನ್ನು ಮಗಳಿಗಾಗಿ ಮತ್ತೊಮ್ಮೆ ಬರೆದು ಕಳಿಸು ಎಂದು ಕೇಳಿದ್ದೀಯ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನನ್ನ ಸಾವಿನ ಕಥೆ ಕೇಳು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನೊಬ್ಬ ಇಡೀ ದಂಡನ್ನು ಕಣ್ಣು ಮುಚ್ಚಿಕೊಂಡೇ ಸೋಲಿಸಿದ ಕಥೆ ಇದು.

ನಮ್ಮ ಓಣಿಯಲ್ಲಿ ಇರುವುದು ಎರಡೇ ಮನೆ. ಒಂದು ನನ್ನದು. ಇನ್ನೊಂದು ಹಳೆಯ ಮೇಷ್ಟರ ಮನೆ. ಅದರಲ್ಲಿ ಮೂರು ವರ್ಷದಿಂದ ಎರಿಟ್ರಿಯಾದ ರಹ್ವಾ ಮತ್ತು ಅವಳ ತಾಯಿ ಲೆತೆ ಇದ್ದಾರೆ. ರಹ್ವಾ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಊರಿನ ಅರ್ಧ ಮುದುಕರ ಬೆನ್ನು ಉಜ್ಜಿದವಳು ಅವಳೇ. ಲೆತೆಗೂ ನನಗೂ ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಅವಳು ಗೋಡೆಯಾಚೆಯಿಂದ ಗಾಡಿಚಕ್ರದಷ್ಟು ದೊಡ್ಡ ರೊಟ್ಟಿ ಕೊಡುತ್ತಾಳೆ, ನಾನು ಆಲೂಗಡ್ಡೆ ಕೊಡುತ್ತೇನೆ. ನನ್ನ ಆಲೂಗಡ್ಡೆಗೆ ರುಚಿಯಿಲ್ಲವೆಂದು ಅವಳ ಮುಖವೇ ಹೇಳುತ್ತದೆ. ಪ್ರಪಂಚದಲ್ಲಿ ಹಾಗೆ ಹೇಳಿಯೂ ನನ್ನ ಸ್ನೇಹ ಉಳಿಸಿಕೊಂಡವಳು ಅವಳೊಬ್ಬಳೇ.

ಸೆಪ್ಟೆಂಬರಿನಲ್ಲಿ ಎಲ್ಲರ ಫೋನಿಗೂ ಒಂದು ಸುದ್ದಿ ಬಂತು. ಶನಿವಾರ ಎರಡು ಗಂಟೆಗೆ, ಪರದೇಶದವರು ಇಲ್ಲಿ ಬೇಡ ಎನ್ನುವ ಒಂದು ಗುಂಪು ಹೊರಗಿನಿಂದ ಬರುತ್ತದೆ, ಮೇಷ್ಟರ ಮನೆಯ ಮುಂದೆ ನಿಂತು ಆ ಇಬ್ಬರನ್ನೂ ಊರು ಬಿಡಿಸುತ್ತದೆ ಎಂದು. ಮಾರನೆಯ ದಿನ ನೋಡಿದರೆ ಅವರ ಬಾಗಿಲಲ್ಲಿ ಕಟ್ಟಿಟ್ಟ ಸೂಟ್‌ಕೇಸು.

"ಭಾನುವಾರದ ಬಸ್ಸಿಗೆ ಹೋಗ್ತೀವಿ ಫೆಸ್ಟಿ ಮಾವ, ಅದಕ್ಕೆ ಮುಂಚೆ ಬಸ್ಸಿಲ್ಲ," ಎಂದಳು ರಹ್ವಾ. "ಅಮ್ಮ ಇನ್ನೊಂದ್ಸಲ ಓಡಲಾರಳು. ಓಡಿಸ್ಕೊಂಡು ಹೋಗೋ ಬದ್ಲು ನಡ್ಕೊಂಡೇ ಹೋಗೋಣ ಅಂತ."

ನಾನು ಅಲ್ಲಿಂದ ನೇರ ಅಟ್ರಾಕ್ಟಾಳ ಮನೆಗೆ ಹೋಗಿ ಹೇಳಿದೆ.

ಅಂದು ಸಂಜೆ ಅಟ್ರಾಕ್ಟಾ ಎಲ್ಲರನ್ನೂ ಜಾರ್ಲತನ ಹೆಂಡದಂಗಡಿಯಲ್ಲಿ ಸೇರಿಸಿದಳು. ಅಟ್ರಾಕ್ಟಾ ನಿನಗೆ ನೆನಪಿರಬೇಕು; ಅಂಚೆ ಕಚೇರಿಯಲ್ಲಿದ್ದವಳು, ನಮ್ಮೆಲ್ಲರ ಕಾಗದ ನಮಗಿಂತ ಮೊದಲು ಓದುತ್ತಿದ್ದವಳು. ಒಬ್ಬ ಓಣಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸೋಣ ಎಂದ. ಇನ್ನೊಬ್ಬ ದೊಣ್ಣೆ ಎಂದ.

"ಜಗಳಕ್ಕೆ ಬರೋರಿಗೆ ಜಗಳ ಕೊಟ್ರೆ ಹಬ್ಬ ಮಾಡ್ತಾರೆ," ಎಂದಳು ಅಟ್ರಾಕ್ಟಾ. "ನಮ್ಮೂರೋರಿಗೆ ನೆಟ್ಟಗೆ ಬರೋ ಕೆಲಸ ಯಾವ್ದು ಹೇಳಿ? ಒಂದು ಸಾವಾದ್ರೆ ಸಾಕು, ಅರ್ಧ ಗಂಟೇಲಿ ಕುರ್ಚಿ, ಕಪ್ಪು, ಸ್ಯಾಂಡ್‌ವಿಚ್, ಕಾರು ನಿಲ್ಲಿಸೋರು, ಎಲ್ಲ ಹಾಜರ್. ಸಾವಿನ ಮನೆ ಮುಂದೆ ಕೂಗಾಡೋ ಗಂಡಸು ಈ ಸೀಮೇಲಿ ಇನ್ನೂ ಹುಟ್ಟಿಲ್ಲ."

"ಆದ್ರೆ ಯಾರೂ ಸತ್ತಿಲ್ವಲ್ಲಕ್ಕಾ," ಎಂದ ಜಾರ್ಲತ್. ಹೆಂಡ ಮಾರುವವನೂ ಅವನೇ, ಹೆಣದ ಪೆಟ್ಟಿಗೆ ಮಾರುವವನೂ ಅವನೇ. ಅವನ ದನಿಯಲ್ಲಿ ಸ್ವಲ್ಪ ಬೇಸರವಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನೇ ಮೊದಲು ಎದ್ದು ನಿಂತೆ ಎಂದು ಬರೆದುಕೋ. ಅಟ್ರಾಕ್ಟಾ ಬೇರೆ ಥರ ಹೇಳಬಹುದು, ನಂಬಬೇಡ.

"ನೀನು ಐದು ನಿಮಿಷ ಬಾಯಿ ಮುಚ್ಕೊಂಡಿರ್ತೀಯೇನೋ ಫೆಸ್ಟಿ?" ಎಂದ ಜಾರ್ಲತ್.

"ಸತ್ತ ಮೇಲಾದ್ರೂ ಪ್ರಯತ್ನ ಮಾಡ್ತೀನಿ," ಎಂದೆ.

ಶನಿವಾರ ಮಧ್ಯಾಹ್ನ ನನ್ನ ಮದುವೆಯ ಸೂಟು ಹಾಕಿಕೊಂಡು, ಕೈಗೆ ಜಪಮಾಲೆ ಸುತ್ತಿಸಿಕೊಂಡು ಪೆಟ್ಟಿಗೆಯಲ್ಲಿ ಮಲಗಿದೆ. ಜಾರ್ಲತ್ ಕೆನ್ನೆಗೆ ಪೌಡರ್ ಬಳಿದ. ನನ್ನಷ್ಟು ಲಕ್ಷಣವಾದ ಹೆಣವನ್ನು ತಾನು ನೋಡಿಯೇ ಇಲ್ಲವೆಂದು ಅವನೇ ಹೇಳಿದ. ಪಾದ್ರಿಗಳು ಬಾಗಿಲಲ್ಲಿ ಇಣುಕಿ, "ನಾನೇನೂ ನೋಡಿಲ್ಲ," ಎಂದು ಹೊರಟುಹೋದರು. ಓಣಿಯ ಎರಡೂ ಬದಿಗೆ ಕಾರುಗಳು. ಮೇಷ್ಟರ ಮನೆಯ ಗೇಟಿನಿಂದ ನನ್ನ ಬಾಗಿಲವರೆಗೆ ಕಪ್ಪು ಕೋಟಿನ ಸಾಲು. ಇನ್ನೂರ ಹತ್ತು ಜನ ಸೊರಖ! ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಿನ್ನಪ್ಪನ ಸಾವಿಗೆ ಬಂದಷ್ಟಲ್ಲ, ಆದರೂ. ರಹ್ವಾ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು.

ಒಂದೇ ಒಂದು ಎಡವಟ್ಟಾಗಿತ್ತು. ಲೆತೆಗೆ ರಹ್ವಾ ಹೇಳಿರಬಹುದು ಎಂದು ಅಟ್ರಾಕ್ಟಾ, ಅಟ್ರಾಕ್ಟಾ ಕೈಸನ್ನೆಯಲ್ಲಿ ತಿಳಿಸಿರಬಹುದು ಎಂದು ರಹ್ವಾ ಅಂದುಕೊಂಡಿದ್ದರು. ಯಾರೂ ಹೇಳಿರಲಿಲ್ಲ. ಆ ಮುದುಕಿ ರೊಟ್ಟಿ ಹಿಡಿದು ಒಳಗೆ ಬಂದವಳು ನನ್ನನ್ನು ನೋಡಿದಳು.

ರೊಟ್ಟಿ ನೆಲಕ್ಕೆ ಬಿತ್ತು. ಆಮೇಲೆ ಅವಳು ಅತ್ತಳು. ನಮ್ಮ ಅಜ್ಜಿಯಂದಿರು ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದರೆಂದು ಕೇಳಿದ್ದೇವಲ್ಲ, ಹಾಗೆ. ಆ ಅಳು ನಮ್ಮಲ್ಲಿ ನಿಂತುಹೋಗಿ ನೂರು ವರ್ಷವಾಗಿದೆ. ಅವಳ ಪದಗಳ ನಡುವೆ "ಫೆಸ್ಟಿ, ಫೆಸ್ಟಿ" ಎಂಬುದು ಮಾತ್ರ ನನಗೆ ತಿಳಿಯಿತು. ಎದ್ದು ಸಮಾಧಾನ ಮಾಡೋಣವೆಂದರೆ ಹೊರಗೆ ಆಗಲೇ ಗುಂಪು ಬಂದಿತ್ತು. ರಹ್ವಾ ಬಾಗಿಲಿಗೆ ಬಂದು ತಾಯಿಯನ್ನು ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳಂತೆ.

ಹೊರಗಿನದನ್ನು ಅಟ್ರಾಕ್ಟಾ ಆಮೇಲೆ ಹೇಳಿದಳು. ನಲವತ್ತು ಜನ, ಬಾವುಟ, ಕೈಯಲ್ಲೇ ಹಿಡಿದು ಕೂಗುವ ತುತ್ತೂರಿಯಂಥ ಮೈಕು. ನಮ್ಮ ಹುಡುಗರು ಹಳದಿ ಅಂಗಿ ತೊಟ್ಟು, "ಸಾವಿನ ಮನೆ ಅಣ್ಣಾ, ಕಾರು ಆ ಹೊಲದಲ್ಲಿ ಬಿಡಿ," ಎಂದು ಎಲ್ಲಕ್ಕಿಂತ ದೂರದ, ಎಲ್ಲಕ್ಕಿಂತ ಕೆಸರಿನ ಹೊಲಕ್ಕೆ ಕಳಿಸಿದರು. ಮೈಕು ಹಿಡಿದಿದ್ದವನು ಬಾಗಿಲಂಥ ಭುಜದ ಆಳು. ಅಟ್ರಾಕ್ಟಾ ಅವನ ಎದುರು ನಿಂತಳು.

"ಯಾರ ಮಗನೋ ನೀನು ತಮ್ಮಾ?"

"ನಾಕ್‌ಮೋರ್ ಕಡೆಯೋನು. ನಾವು ಬಂದಿರೋದು..."

"ನಾಕ್‌ಮೋರ್ ಡೆಲಿಯಾ ಮೊಮ್ಮಗನಾ! ಮೂಗು ನೋಡಿದ್ರೆ ಗೊತ್ತಾಗುತ್ತಲ್ಲ. ನಿಮ್ಮಜ್ಜಿ ಸತ್ತ ದಿನ ಸ್ಯಾಂಡ್‌ವಿಚ್ ಕೊಯ್ದವಳು ನಾನೇ. ಪಾಪ, ಕೊನೇ ಸಲ ಕೈ ಮುಟ್ಟೋಕೆ ಬಂದ್ಯಾ? ಟೋಪಿ ತೆಗಿ, ಸಾಲಲ್ಲಿ ನಿಲ್ಲು."

ಅಜ್ಜಿಯ ಹೆಸರು ಎತ್ತಿದ ಮೇಲೆ ಯಾವ ಗಂಡು ಹಿಂದೆ ಸರಿದಾನು? ಸಾಲು ಅವನನ್ನು ನೇರ ನನ್ನ ಕೋಣೆಗೆ ತಂದು ಬಿಟ್ಟಿತು. ನಮ್ಮ ಪದ್ಧತಿ ಗೊತ್ತಲ್ಲ, ಹೆಣದ ಪಕ್ಕ ಕೂತವರ ಕೈ ಹಿಡಿಯದೆ ಹೋಗುವಂತಿಲ್ಲ. ಕೂತಿದ್ದವಳು ಲೆತೆ. ಅವನು ಕೈ ಚಾಚಿ, "ನಿಮ್ಮ ದುಃಖಕ್ಕೆ ಮರುಗ್ತೀನಿ ತಾಯಿ," ಎಂದ. ಅವಳು ಆ ಕೈ ಬಿಡಲೇ ಇಲ್ಲ. ಅದಕ್ಕೆ ಹಣೆ ಒತ್ತಿ ಅತ್ತಳು. ಅವನ ಕಂಕುಳಲ್ಲಿದ್ದ ಮೈಕಿನ ಗುಂಡಿ ಒತ್ತಿಹೋಗಿತ್ತು. ಅವಳನ್ನು ಬೈಯಲು ತಂದ ಮೈಕಿನಿಂದಲೇ ಅವಳ ಅಳು ಓಣಿ ದಾಟಿ, ಕೆಸರಿನ ಹೊಲದವರೆಗೂ ಹೋಯಿತು. ಅಲ್ಲಿ ಉಳಿದಿದ್ದವರು ಒಬ್ಬೊಬ್ಬರಾಗಿ ಟೋಪಿ ತೆಗೆದರಂತೆ. ಬಾವುಟ ಸುತ್ತಿಟ್ಟರಂತೆ.

ನಾನೋ? ಇಡೀ ಮೇಯೊ ಸೀಮೆಯ ಅತ್ಯುತ್ತಮ ಹೆಣ, ಕಣ್ಣಿನಿಂದ ಒಂದು ಹನಿ ಜಾರಿಬಿಟ್ಟಿತು. ಆ ಆಳು ನನ್ನ ಮೇಲೆ ಬಗ್ಗಿದ. ಉಸಿರು ಹಿಡಿದೆ. ಕಿವಿಯ ಹತ್ತಿರ ಬಂದು ಹೇಳಿದ:

"ಹೆಣ ಅಳಬಾರದು, ಮುದುಕಾ."

ಕೆಟ್ಟೆವು ಎಂದುಕೊಂಡೆ. ಆದರೆ ಅವನು ರಹ್ವಾ ಕೊಟ್ಟ ಚಹಾ ಕುಡಿದ, ಇನ್ನೊಂದು ಕಪ್ಪು ಕೇಳಿದ, ಹೊರಗೆ ಹೋಗಿ, "ನಡೀರಿ, ಸಾವಿನ ಮನೆ ಇದು," ಎಂದ. ಅವರ ಕಾರುಗಳನ್ನು ಕೆಸರಿನಿಂದ ನಮ್ಮ ಟ್ರ್ಯಾಕ್ಟರುಗಳೇ ಎಳೆದು ಕಳಿಸಿದವು.

ಕೊನೆಯ ಕಾರು ಹೋದ ಮೇಲೆ ಎದ್ದು ಕೂತು ಚಹಾ ಕೇಳಿದೆ. ಲೆತೆ ಕಿರುಚಿದಳು. ಕೆನ್ನೆಗೆ ಒಂದು ಬಿಟ್ಟಳು. ತಬ್ಬಿಕೊಂಡಳು. ಮತ್ತೆ ಒಂದು ಬಿಟ್ಟಳು. ಆಮೇಲೆ ಕಾಲು ಗಂಟೆ ಬೈದಳು.

"ಏನಂತೆ?" ಎಂದೆ.

"ಅರ್ಧ ಹೇಳೋಕೆ ನಂಗೆ ನಾಚಿಕೆ ಆಗುತ್ತೆ ಮಾವ," ಎಂದಳು ರಹ್ವಾ, ಅಳುತ್ತಲೇ ನಗುತ್ತಾ. "ಉಳಿದರ್ಧ ಏನಂದ್ರೆ, ಸಾವಿನ ಮನೆ ಬಿಟ್ಟು ನೆರೆಯವರು ಹೋಗೋ ಹಾಗಿಲ್ವಂತೆ. ಭಾನುವಾರದ ಬಸ್ಸು ಬೇಡವಂತೆ."

ಆ ಸೂಟ್‌ಕೇಸಿನಲ್ಲಿ ಈಗ ಲೆತೆಯ ಕೋಳಿ ಕಾವಿಗೆ ಕೂತಿದೆ. ಸಾವಿನ ಮನೆಯ ಕೆಲಸಕ್ಕೆಂದು ಅಟ್ರಾಕ್ಟಾ ಬರೆದ ಪಟ್ಟಿ ಹೆಂಡದಂಗಡಿಯ ಗೋಡೆಯಿಂದ ಇಳಿದಿಲ್ಲ: ಮತ್ತೆ ಯಾರಾದರೂ ಬಂದರೆ ಯಾರು ಯಾರಿಗೆ ಫೋನು ಮಾಡಬೇಕು, ಯಾರು ಕಾರು ತರಬೇಕು, ಯಾರು ಬ್ರೆಡ್ಡು. ಹೆಣದ ಜಾಗದಲ್ಲಿ ನನ್ನ ಹೆಸರು ಖಾಯಂ.

ನಿನ್ನ ಮನೆ ಬಾಗಿಲು ಯಾವತ್ತೂ ತೆರೆದಿರಲಿ, ಅದರಲ್ಲಿ ನಗುವವರೇ ಬರಲಿ. ಮಗಳಿಗೆ ಎರಡು ಮುತ್ತು.

ಒಮ್ಮೆ ಸತ್ತು ಅನುಭವವಿರುವ
ನಿನ್ನ ಚಿಕ್ಕಪ್ಪ,
ಫೆಸ್ಟಿ

ಮತ್ತೆ ಬರೆಯುವುದು: ನಿನ್ನಪ್ಪನ ಕಥೆ. ನಿನಗೆ ಆಗ ಆರು ವರ್ಷ. ನಾನು ಕವೆಂಟ್ರಿಯಿಂದ ಬಂದು ಹೇಳಿದೆನಲ್ಲ, ಬೀದಿ ತುಂಬಾ ಜನ, ಮುನ್ನೂರು ಜನರ ಕೈ ಹಿಡಿದು ನನ್ನ ಕೈ ಊದಿಹೋಯಿತು ಎಂದು? ನೀನು ಕೇಳಿದಾಗಲೆಲ್ಲ ಒಬ್ಬೊಬ್ಬರನ್ನು ಹೊಸದಾಗಿ ಸೇರಿಸಿದೆ, ಪಿಟೀಲಿನವನು, ಒಂಟಿಗಾಲಿನವನು. ಸುಳ್ಳು ಮಗಳೇ. ದುಡಿಯಲು ಹೋದವನ ಆ ಬಾಡಿಗೆ ಕೋಣೆಯಲ್ಲಿ ಇದ್ದವರು ಇಬ್ಬರು. ನಾನು, ಮತ್ತು ಪಕ್ಕದ ಕೋಣೆಯ ಜಮೈಕಾದ ಹೆಂಗಸು. ಬಾಗಿಲಲ್ಲಿ ಹಾಲಿನ ಬಾಟಲಿ ಹಾಗೇ ಉಳಿದದ್ದನ್ನು ನೋಡಿ ಬಾಗಿಲು ತಟ್ಟಿದವಳು ಅವಳು. ಅವನ ಪಕ್ಕ ಕೂತಿದ್ದಳು. ನಾನು ಒಳಗೆ ಹೋದಾಗ ನನ್ನ ಕೈ ಹಿಡಿದು ಅತ್ತಳು. ನಾನು ಅಳಲಿಲ್ಲ, ಅವಳ ಹೆಸರೂ ಕೇಳಲಿಲ್ಲ. ಪೆಟ್ಟಿಗೆಯೊಳಗೆ ಮಲಗಿದ್ದಾಗ ನನಗೆ ಕೇಳಿಸಿದ್ದು ಅದೇ ಅಳು. ನಿನ್ನ ಮಗಳಿಗೆ ಮುನ್ನೂರು ಜನ ಬೇಡ. ನೆರೆಯವಳೊಬ್ಬಳು ಅತ್ತಳು ಎಂದು ಹೇಳು. ಅದು ನಿಜ.